ನಾಳದೊಳಗಿನ ಸುಣ್ಣದ ಲೆಕ್ಕ

1971ರ ಡಿಸೆಂಬರ್ 30ರ ಬೆಳಿಗ್ಗೆ ಕೇರಳದ ಕೋವಳಂನಲ್ಲಿ ವಿಕ್ರಮ್ ಸಾರಾಭಾಯಿ ತಂಗಿದ್ದ ಕೋಣೆಯ ಬಾಗಿಲು ಎಷ್ಟು ಹೊತ್ತಾದರೂ ತೆರೆಯಲಿಲ್ಲ. ತುಂಬಾ ರಾಕೆಟ್ ಕೇಂದ್ರದ ಕೆಲಸಕ್ಕೆಂದು ಬಂದಿದ್ದ ಅವರು ರಾತ್ರಿ ಮಲಗಿದವರು ಏಳಲೇ ಇಲ್ಲ. ವಯಸ್ಸು 52. ನಿದ್ದೆಯಲ್ಲೇ ಹೃದಯ ನಿಂತಿತೆಂದು ಹೇಳಲಾಯಿತು. ಅಹಮದಾಬಾದಿನ ಗಿರಣಿ ಮಾಲೀಕರ ಮನೆಯಲ್ಲಿ ಹುಟ್ಟಿ, ಯುದ್ಧದ ವರ್ಷಗಳನ್ನು ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಬಳಿ ಕಳೆದು, ತಮ್ಮೂರಿಗೆ ಮರಳಿ ಭೌತ ಸಂಶೋಧನಾಲಯ ಕಟ್ಟಿದವರು ಅವರು. ವಡೋದರದಲ್ಲಿ ಅವರ ಕುಟುಂಬದ ಔಷಧ ಕಾರ್ಖಾನೆಯೇ ಇತ್ತು. ಒಳ್ಳೆಯ ವೈದ್ಯರು ಕೈಗೆಟುಕದ ಮನುಷ್ಯನಂತೂ ಅವರಲ್ಲ.

ಅದಕ್ಕೆ ಮೂರು ತಿಂಗಳ ಹಿಂದೆ, ಅಕ್ಟೋಬರ್ 1ರಂದು, ಲಂಡನ್ನಿನ ವಿಂಬಲ್ಡನ್ ಬಳಿಯ ಆಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಒಬ್ಬ ಹೆಂಗಸಿನ ತಲೆಯನ್ನು ಹೊಸದೊಂದು ಯಂತ್ರದೊಳಗಿಟ್ಟು ಚಿತ್ರ ತೆಗೆದಿದ್ದರು. ಹಾಡಿನ ತಟ್ಟೆಗಳಿಗೆ ಹೆಸರಾಗಿದ್ದ ಇಎಂಐ ಕಂಪನಿಯ ಎಂಜಿನಿಯರ್ ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ಅದನ್ನು ಕಟ್ಟಿದ್ದ. ಎಕ್ಸ್-ರೇಯನ್ನು ಒಂದೇ ದಿಕ್ಕಿನಿಂದ ಹಾಯಿಸುವ ಬದಲು ಸುತ್ತಲೂ ತಿರುಗಿಸಿ ಹಾಯಿಸಬೇಕು, ಪ್ರತಿ ಕೋನದಲ್ಲೂ ಎಷ್ಟು ಕಿರಣ ಆಚೆ ತಲುಪಿತೆಂದು ಅಳೆಯಬೇಕು, ಆ ಅಂಕಿಗಳಿಂದ ಒಳಗಿನ ಒಂದು ಸೀಳನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಬಿಡಿಸಬೇಕು. ಸಿಟಿ ಸ್ಕ್ಯಾನ್ ಎಂದರೆ ಇಷ್ಟೇ. ಇದರ ಗಣಿತವನ್ನು ಹಲವು ವರ್ಷ ಮೊದಲೇ ದಕ್ಷಿಣ ಆಫ್ರಿಕಾ ಮೂಲದ ಅಲನ್ ಕಾರ್ಮ್ಯಾಕ್ ಪ್ರಕಟಿಸಿದ್ದ, ಯಾರೂ ಅದರ ಕಡೆ ನೋಡಿರಲಿಲ್ಲ. 1979ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಈ ಎರಡು ಘಟನೆಗಳಿಗೆ ಸಂಬಂಧವಿಲ್ಲ. ವಿಂಬಲ್ಡನ್ನಿನ ಯಂತ್ರ ಅಹಮದಾಬಾದಿನಲ್ಲೇ ಇದ್ದಿದ್ದರೂ ಹೃದಯದ ವಿಷಯದಲ್ಲಿ ಅದರಿಂದ ಏನೂ ತಿಳಿಯುತ್ತಿರಲಿಲ್ಲ. ಒಂದು ಸೀಳಿನ ಚಿತ್ರಕ್ಕೆ ಅದು ಹಲವು ನಿಮಿಷ ತೆಗೆದುಕೊಳ್ಳುತ್ತಿತ್ತು. ತಲೆಯನ್ನಾದರೆ ಕಟ್ಟಿ ನಿಲ್ಲಿಸಬಹುದು, ಹೃದಯ ಅಷ್ಟರೊಳಗೆ ಮುನ್ನೂರು ಸಲ ಬಡಿದಿರುತ್ತದೆ. ಅದರ ಮೈಮೇಲೆ ಹರಿಯುವ ರಕ್ತನಾಳಗಳು ಬುಡದಲ್ಲೇ ಮೂರು ನಾಲ್ಕು ಮಿಲಿಮೀಟರ್ ದಪ್ಪ, ತುದಿಗೆ ಹೋದಂತೆ ಇನ್ನೂ ಸಣ್ಣ. ಓಡುವ ಬಸ್ಸಿನ ಕಿಟಕಿಯಲ್ಲಿ ಕುಳಿತವನ ಕಿವಿಯ ಓಲೆಯನ್ನು ರಸ್ತೆಬದಿಯಿಂದ ಚಿತ್ರ ತೆಗೆದಂತೆ.

ಈ ನಾಳಗಳಿಗೆ ಕನ್ನಡದ ಪಠ್ಯಗಳಲ್ಲಿ ‘ಪರಿಧಮನಿ’ ಎಂಬ ಹೆಸರಿದೆ. ಇಂಗ್ಲಿಷಿನ ‘ಕೊರೊನರಿ’ಯ ಹಿಂದಿರುವುದು ಕಿರೀಟ ಎಂಬರ್ಥದ ಲ್ಯಾಟಿನ್ ಪದ. ನಾಳಗಳು ಹೃದಯವನ್ನು ಕಿರೀಟದಂತೆ ಸುತ್ತುತ್ತವೆಂದು ಆ ಹೆಸರು. ಆದರೆ ಬೆಂಗಳೂರಿನ ಜಯದೇವ ಆಸ್ಪತ್ರೆಯ ಮುಂದೆ ನಿಂತವರು ಹೇಳುವುದು ‘ನರ ಬ್ಲಾಕ್ ಆಗಿದೆ’ ಎಂದು, ಅಹಮದಾಬಾದಿನ ಅಸಾರವಾದಲ್ಲಿ ಸಿವಿಲ್ ಆಸ್ಪತ್ರೆಯ ಆವರಣದಲ್ಲಿ ಕೇಳುವುದು ‘ನಳಿ ಬ್ಲಾಕ್’. ಗುಜರಾತಿಯ ನಳಿ ಎಂದರೆ ಕೊಳವೆ, ಕನ್ನಡದ ನಳಿಗೆಗೆ ನೆಂಟ. ಕನ್ನಡದ ‘ನರ’ಕ್ಕಿಂತ ಅದೇ ಹೆಚ್ಚು ಸರಿ, ಆದರೂ ಅದರಲ್ಲೊಂದು ಮೋಸವಿದೆ. ಕೊಳವೆ ಎಂದೊಡನೆ ಒಳಗೆ ಕಸ ಕಟ್ಟಿಕೊಂಡು ನೀರು ನಿಲ್ಲುವ ಚಿತ್ರ ಕಣ್ಣಿಗೆ ಬರುತ್ತದೆ. ವೈದ್ಯರೂ ಹಲವು ದಶಕ ಹಾಗೆಯೇ ಯೋಚಿಸಿದರು.

*

ಅವರು ಹಾಗೆ ಯೋಚಿಸಲು ಕಾರಣವಿತ್ತು. ನೋಡಲು ಇದ್ದ ದಾರಿಯಲ್ಲಿ ಕಾಣುತ್ತಿದ್ದುದು ಕೊಳವೆಯ ಒಳಗಿನ ಟೊಳ್ಳು ಮಾತ್ರ. 1958ರ ಅಕ್ಟೋಬರ್ 30ರಂದು ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ ಮೇಸನ್ ಸೋನ್ಸ್ ಒಬ್ಬ ಯುವಕನ ಮಹಾಧಮನಿಗೆ ಬಣ್ಣದ ದ್ರವ ಬಿಡಲು ಹೊರಟಿದ್ದ. ಕ್ಯಾಥೆಟರಿನ ತುದಿ ಜಾರಿ ಬಲ ಪರಿಧಮನಿಯೊಳಗೆ ಹೊಕ್ಕಿತ್ತು, ದ್ರವವೆಲ್ಲ ಅಲ್ಲಿಗೇ ಹೋಯಿತು. ಹೀಗಾದರೆ ಹೃದಯ ಶಾಶ್ವತವಾಗಿ ನಿಲ್ಲುತ್ತದೆಂದು ಆಗ ನಂಬಿಕೆ. ಬಡಿತ ಕೆಲವು ಕ್ಷಣ ನಿಂತದ್ದೂ ನಿಜ, ಆದರೆ ಯುವಕನಿಗೆ ಕೆಮ್ಮಲು ಹೇಳಿದಾಗ ಮತ್ತೆ ಶುರುವಾಯಿತು. ಆಂಜಿಯೋಗ್ರಫಿ ಹುಟ್ಟಿದ್ದು ಈ ಅವಘಡದಿಂದ. 1977ರ ಸೆಪ್ಟೆಂಬರಿನಲ್ಲಿ ಜ್ಯೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ ಅದೇ ದಾರಿಯಲ್ಲಿ ಬಲೂನು ಕಳಿಸಿ ಕಿರಿದಾದ ಜಾಗವನ್ನು ಹಿಗ್ಗಿಸಿದ. ನೋಡುವುದು, ಕಿರಿದಾದದ್ದನ್ನು ಅಗಲ ಮಾಡುವುದು ಎರಡೂ ಒಂದೇ ಮೇಜಿನ ಮೇಲೆ ನಡೆಯತೊಡಗಿದವು. ಮುಂದಿನ ಎಷ್ಟೋ ಗೋಜಲುಗಳ ಬೇರು ಇಲ್ಲಿದೆ.

1987ರಲ್ಲಿ ಸೀಮೂರ್ ಗ್ಲಾಗೋವ್ ಮತ್ತು ಸಂಗಡಿಗರು ಶವಪರೀಕ್ಷೆಯ ಹೃದಯಗಳನ್ನು ಅಳೆದು ತೋರಿಸಿದ್ದು ಬೇರೆಯೇ ಚಿತ್ರ. ಕೊಬ್ಬಿನ ಗಡ್ಡೆ ಬೆಳೆಯುವುದು ಕೊಳವೆಯ ಒಳಮೈ ಮೇಲಲ್ಲ, ಗೋಡೆಯ ಒಳಗೆ. ಗೋಡೆ ಮೊದಲು ಹೊರಕ್ಕೆ ಉಬ್ಬಿಕೊಂಡು ಜಾಗ ಮಾಡಿಕೊಡುತ್ತದೆ. ರೋಗ ಸಾಕಷ್ಟು ಮುಂದುವರಿಯುವ ತನಕ ಟೊಳ್ಳು ಕಿರಿದಾಗುವುದೇ ಇಲ್ಲ, ಆಂಜಿಯೋಗ್ರಾಂ ‘ನಾರ್ಮಲ್’ ಎನ್ನುತ್ತದೆ. ಆ ಗಡ್ಡೆಯ ತೊಗಟೆ ಒಂದು ದಿನ ಬಿರಿದರೆ ಅಲ್ಲಿ ರಕ್ತ ಹೆಪ್ಪುಗಟ್ಟಿ ಕೆಲವೇ ನಿಮಿಷಗಳಲ್ಲಿ ದಾರಿ ಮುಚ್ಚಬಹುದು. ನಿನ್ನೆ ಟ್ರೆಡ್‌ಮಿಲ್ ಪರೀಕ್ಷೆ ಪಾಸಾದವರು ಇಂದು ಕುಸಿದು ಬೀಳುವ ಸುದ್ದಿಗಳ ಹಿಂದೆ ಹಲವು ಸಲ ಇರುವುದು ಇದೇ.

ಹಾಗಾದರೆ ಗೋಡೆಯನ್ನು ನೋಡುವುದು ಹೇಗೆ? ಉತ್ತರ ಸುಣ್ಣದಲ್ಲಿತ್ತು. ಗೋಡೆಯೊಳಗಿನ ಗಡ್ಡೆ ಹಳತಾದಂತೆ ಅದರಲ್ಲಿ ಕ್ಯಾಲ್ಸಿಯಂ ಕಟ್ಟುತ್ತದೆ. ಎಲೆ ಅಡಿಕೆಗೆ ಹಚ್ಚುವ ಸುಣ್ಣಕ್ಕೂ, ಸೌರಾಷ್ಟ್ರದಿಂದ ಸೂರತ್ತಿನವರೆಗೆ ತಂಬಾಕು ಅಡಿಕೆಯ ಜೊತೆ ತಿಕ್ಕುವ ‘ಮಾವಾ’ದ ಸುಣ್ಣಕ್ಕೂ ಇದಕ್ಕೂ ಸಂಬಂಧವಿಲ್ಲ. ಮಾವಾದಲ್ಲಿ ಹೃದಯಕ್ಕೆ ಕೇಡು ಮಾಡುವುದು ತಂಬಾಕು. ನಾಳದ ಸುಣ್ಣ ಹಳೆಯ ಉರಿಯೂತದ ಕಲೆ, ಗಾಯ ಒಣಗಿದ ಮೇಲೆ ಉಳಿದ ಹಕ್ಕಳೆಯಂತೆ. ಕ್ಯಾಲ್ಸಿಯಂ ಎಕ್ಸ್-ರೇಯನ್ನು ತಡೆಯುವುದರಿಂದ ಸಿಟಿಯಲ್ಲಿ ಬೆಳ್ಳಗೆ ಹೊಳೆಯುತ್ತದೆ. ಅದಕ್ಕೆ ಬೇಕಿದ್ದದ್ದು ವೇಗ ಮಾತ್ರ. 1980ರ ದಶಕದಲ್ಲಿ ಡಗ್ಲಸ್ ಬಾಯ್ಡ್ ರೂಪಿಸಿದ ಎಲೆಕ್ಟ್ರಾನ್ ಕಿರಣದ ಸಿಟಿ ಆ ವೇಗ ತಂದುಕೊಟ್ಟಿತು. ಭಾರವಾದ ಕೊಳವೆಯನ್ನು ತಿರುಗಿಸುವ ಬದಲು ಅದು ಎಲೆಕ್ಟ್ರಾನುಗಳ ಕಿರಣವನ್ನೇ ಬೀಸುತ್ತಿತ್ತು, ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಒಂದು ಚಿತ್ರ ಮುಗಿಸುತ್ತಿತ್ತು.

ಆ ಯಂತ್ರವನ್ನಿಟ್ಟುಕೊಂಡು ಅಮೆರಿಕದ ಮಯಾಮಿ ಬೀಚ್‌ನ ಆರ್ಥರ್ ಅಗಾಟ್ಸ್‌ಟನ್, ವಾರೆನ್ ಜಾನೊವಿಟ್ಸ್ ಮತ್ತಿತರರು 1990ರಲ್ಲಿ 584 ಜನರ ಅಳತೆಯನ್ನು ಪ್ರಕಟಿಸಿದರು. ಅವರ ಲೆಕ್ಕ ಕಿರಾಣಿ ಅಂಗಡಿಯವರೂ ಒಪ್ಪುವಷ್ಟು ಸರಳ. ಹೌನ್ಸ್‌ಫೀಲ್ಡ್ ಮಾಪಕದಲ್ಲಿ ನೀರಿಗೆ ಸೊನ್ನೆ, ಗಾಳಿಗೆ ಮೈನಸ್ ಸಾವಿರ. 130 ದಾಟಿದ ಬಿಳಿ ಚುಕ್ಕೆಯನ್ನು ಸುಣ್ಣವೆಂದು ಎಣಿಸಬೇಕು. ಅದರ ವಿಸ್ತೀರ್ಣವನ್ನು ಅದರ ಹೊಳಪಿನ ದರ್ಜೆಯಿಂದ ಗುಣಿಸಬೇಕು: 200ರೊಳಗಿದ್ದರೆ ಒಂದು, 300ರೊಳಗೆ ಎರಡು, 400ರೊಳಗೆ ಮೂರು, ಅದಕ್ಕೂ ಮೇಲೆ ನಾಲ್ಕು. ಐದು ಚದರ ಮಿಲಿಮೀಟರಿನ ಚುಕ್ಕೆಯ ಹೊಳಪು 250 ಇದ್ದರೆ ಅದರ ಪಾಲು ಹತ್ತು. ಎಲ್ಲ ಚುಕ್ಕೆಗಳನ್ನೂ ಕೂಡಿದರೆ ಸಿಗುವ ಮೊತ್ತವೇ ಇಂದು ವರದಿಯಲ್ಲಿ ಬರೆದುಕೊಡುವ ಕ್ಯಾಲ್ಸಿಯಂ ಸ್ಕೋರು. ಸೊನ್ನೆ ಎಂದರೆ ಸುಣ್ಣ ಇಲ್ಲ, ನೂರರೊಳಗೆ ಸ್ವಲ್ಪ, ನಾನೂರು ದಾಟಿದರೆ ಬಹಳ. ಇದಕ್ಕೆ ಚುಚ್ಚುಮದ್ದು ಬೇಡ, ಬಣ್ಣದ ದ್ರವ ಬೇಡ, ಉಸಿರು ಬಿಗಿಹಿಡಿದು ಮಲಗಿದರೆ ಕೆಲಸ ಮುಗಿಯಿತು. ಕಿರಣದ ಪ್ರಮಾಣ ಸುಮಾರು ಒಂದು ಮಿಲಿಸೀವರ್ಟ್, ನೆಲ ಮತ್ತು ಆಕಾಶದಿಂದ ಎಲ್ಲರಿಗೂ ಒಂದು ವರ್ಷದಲ್ಲಿ ತಾನಾಗಿ ಸಿಗುವುದರ ಅರ್ಧಕ್ಕಿಂತ ಕಡಿಮೆ. ಅಗಾಟ್ಸ್‌ಟನ್ ಮುಂದೆ ‘ಸೌತ್ ಬೀಚ್ ಡಯಟ್’ ಪುಸ್ತಕ ಬರೆದು ಲೋಕಪ್ರಸಿದ್ಧನಾದ. ಸ್ಕೋರಿಗಿಂತ ಪಥ್ಯದ ಪುಸ್ತಕವೇ ಹೆಚ್ಚು ಹೆಸರು ತಂದದ್ದು ಈ ಕಾಲದ ಸ್ವಭಾವಕ್ಕೆ ಒಪ್ಪುವ ಮಾತೇ.

*

ವಡೋದರದ ಸಯಾಜಿ ಬಾಗ್‌ನಲ್ಲಿರುವ ವಸ್ತುಸಂಗ್ರಹಾಲಯಕ್ಕೆ ಶಾಲಾ ಮಕ್ಕಳನ್ನು ಕರೆದೊಯ್ದರೆ ಅವರು ಓಡುವುದು ಎರಡು ಕಡೆಗೆ. ಒಂದು ಮಹಿ ನದಿಯ ಬಾಯಿಗೆ ಬಂದು ಸಿಕ್ಕಿಕೊಂಡಿದ್ದ ನೀಲಿ ತಿಮಿಂಗಿಲದ ಅಸ್ಥಿಪಂಜರ, ಇನ್ನೊಂದು ಈಜಿಪ್ಟಿನ ಮಮ್ಮಿ. ಮಮ್ಮಿಯನ್ನು ಕೊಂಡು ತಂದವರು ಮೂರನೆಯ ಸಯಾಜಿರಾವ್ ಗಾಯಕವಾಡ್. ಮೈಸೂರಿನ ನಾಲ್ವಡಿಯವರಂತೆ ಶಾಲೆ, ಗ್ರಂಥಾಲಯ, ಬ್ಯಾಂಕುಗಳ ಹುಚ್ಚು ಹತ್ತಿಸಿಕೊಂಡಿದ್ದ ದೊರೆ ಅವರು. ಹೃದಯದ ಸಿಟಿಯ ಚರಿತ್ರೆಯಲ್ಲಿ ಮಮ್ಮಿಗಳಿಗೂ ಒಂದು ಪಾತ್ರವಿದೆ.

2008ರಲ್ಲಿ ಕೈರೋದ ಸಂಗ್ರಹಾಲಯದಲ್ಲಿ ಈಜಿಪ್ಟಿನ ಹೃದ್ರೋಗತಜ್ಞ ಆದೆಲ್ ಅಲ್ಲಾಂ ಮತ್ತು ಅಮೆರಿಕದ ಗ್ರೆಗರಿ ಥಾಮಸ್ ಫೇರೋ ಮೆರೆನ್‌ಪ್ತಾನ ಮಮ್ಮಿಯ ಮುಂದೆ ನಿಂತಿದ್ದರು. ಈತನಿಗೆ ರಕ್ತನಾಳ ಗಡುಸಾಗುವ ರೋಗವಿತ್ತೆಂದು ಫಲಕದಲ್ಲಿ ಬರೆದಿತ್ತು. ಮೂರು ಸಾವಿರ ವರ್ಷದ ಹಿಂದಿನವನಿಗೆ ಈ ರೋಗವೇ ಎಂದು ಇಬ್ಬರಿಗೂ ಅನುಮಾನ. ಮಮ್ಮಿಗಳನ್ನೇ ಸಿಟಿ ಯಂತ್ರದಲ್ಲಿ ಮಲಗಿಸಿದರು. ಕೊಬ್ಬು ಕರಗಿ ಹೋಗಿರುತ್ತದೆ, ಸುಣ್ಣ ಉಳಿದಿರುತ್ತದೆ. 2013ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಅವರ ವರದಿಯ ಪ್ರಕಾರ ಈಜಿಪ್ಟ್, ಪೆರು, ಉತ್ತರ ಅಮೆರಿಕಗಳ 137 ಮಮ್ಮಿಗಳಲ್ಲಿ 47ರ ನಾಳಗಳಲ್ಲಿ ರೋಗದ ಗುರುತಿತ್ತು. ಬೇಟೆಯಾಡಿ ಬದುಕಿದ ಜನರಲ್ಲೂ ಇತ್ತು. ಇದಕ್ಕೆ ಉಲ್ಟಾ ಹೊಡೆದದ್ದು 2017ರ ಇನ್ನೊಂದು ವರದಿ. ಬೊಲಿವಿಯಾದ ಅಮೆಜಾನ್ ಕಾಡಿನ ತ್ಸಿಮಾನೆ ಜನರಲ್ಲಿ 705 ವಯಸ್ಕರನ್ನು ಸ್ಕ್ಯಾನ್ ಮಾಡಿದರೆ ಶೇ. 85 ಮಂದಿಗೆ ಸ್ಕೋರು ಸೊನ್ನೆ. ಇದು ಮನುಷ್ಯನ ಹಣೆಬರಹವೋ, ಬದುಕಿನ ರೀತಿಯ ಫಲವೋ? ಎರಡೂ ಎನ್ನದೆ ಬೇರೆ ದಾರಿಯಿಲ್ಲ.

ಗುಜರಾತಿನ ಮಟ್ಟಿಗೆ ಬದುಕಿನ ರೀತಿಯ ಪಾಲನ್ನು ಅಳೆದ ಒಂದು ಒಳ್ಳೆಯ ಅಧ್ಯಯನ 2006ರಲ್ಲಿ ಬಂತು. ಅದರಲ್ಲಿ ಸಿಟಿ ಇರಲಿಲ್ಲ, ರಕ್ತಪರೀಕ್ಷೆ ಮತ್ತು ಅಳತೆಪಟ್ಟಿಗಳಷ್ಟೇ ಇದ್ದವು. ಇಂಗ್ಲೆಂಡಿನ ಸ್ಯಾಂಡ್‌ವೆಲ್‌ನಲ್ಲಿ ನೆಲೆಸಿದ ಗುಜರಾತಿಗಳನ್ನು ಅವರು ಬಿಟ್ಟುಬಂದ, ಸೂರತ್ತಿನ ಪಕ್ಕದ ನವಸಾರಿಯ ಹಳ್ಳಿಗಳವರ ಜೊತೆ ಹೋಲಿಸಿದರು. ಒಂದೇ ಜಾತಿ, ಒಂದೇ ಊರು, ಆದರೆ ಹೋದವರ ತೂಕ, ರಕ್ತದೊತ್ತಡ, ಕೊಲೆಸ್ಟರಾಲ್ ಎಲ್ಲವೂ ಮೇಲೆ. ಊರಲ್ಲಿ ಉಳಿದವರ ಮಕ್ಕಳಿಗೆ ಈಗ ಇಂಗ್ಲೆಂಡಿನ ತನಕ ಹೋಗುವ ಅಗತ್ಯವಿಲ್ಲ, ಇಂಗ್ಲೆಂಡಿನ ಊಟ, ಕಾರು, ಕುರ್ಚಿಗಳು ನವಸಾರಿಗೇ ಬಂದಿವೆ. 2007ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನದ ಒಂದು ಅಂಕಿ ಈ ಚರ್ಚೆಯಲ್ಲಿ ಮತ್ತೆ ಮತ್ತೆ ಬರುತ್ತದೆ: ಮೊದಲ ಹೃದಯಾಘಾತದ ಮಧ್ಯಾಂಕ ವಯಸ್ಸು ಬೇರೆ ದೇಶಗಳಲ್ಲಿ ಸುಮಾರು 59, ದಕ್ಷಿಣ ಏಷ್ಯಾದಲ್ಲಿ 53. ಸಸ್ಯಾಹಾರಕ್ಕೆ ಹೆಸರಾದ ರಾಜ್ಯವೂ ಇದರಿಂದ ಹೊರಗುಳಿದಿಲ್ಲ. ಎಣ್ಣೆಯಲ್ಲಿ ಮುಳುಗೆದ್ದ ಫಾಫಡಾ, ಪಾಕದಲ್ಲಿ ಮುಳುಗೆದ್ದ ಜಿಲೇಬಿ ಎರಡೂ ಸಸ್ಯಾಹಾರವೇ.

ಅಪಾಯ ಎಂಬುದಕ್ಕೆ ಗುಜರಾತಿಯಲ್ಲಿ ‘ಜೋಖಮ್’ ಎನ್ನುತ್ತಾರೆ. ಅದೇ ಪದಕ್ಕೆ ಬೆಲೆಬಾಳುವ ಸರಕು ಎಂಬ ಅರ್ಥವೂ ಇದೆ, ಯಾಕೆಂದರೆ ಅದನ್ನು ಹೊತ್ತು ನಡೆಯುವವನಿಗೆ ಭಯವೂ ಜೊತೆಗಿರುತ್ತದೆ. ಎದೆನೋವಿಲ್ಲದ ನಲವತ್ತೈದರ ವ್ಯಾಪಾರಿಯೊಬ್ಬ ಎಷ್ಟು ಜೋಖಮ್ ಹೊತ್ತಿದ್ದಾನೆಂದು ವೈದ್ಯರು ಲೆಕ್ಕ ಹಾಕುವುದು ಕೋಷ್ಟಕಗಳಿಂದ. ಆ ಕೋಷ್ಟಕಗಳ ಮೂಲ 1948ರಲ್ಲಿ ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಪುಟ್ಟ ಊರಲ್ಲಿ ಶುರುವಾದ, 5,209 ಜನರ ಅಧ್ಯಯನ. ಅವರೆಲ್ಲ ಬಹುಪಾಲು ಬಿಳಿಯರು. ಕ್ಯಾಲ್ಸಿಯಂ ಸ್ಕೋರಿನ ಬೆಲೆಯನ್ನು ಗಟ್ಟಿ ಮಾಡಿದ ‘ಮೆಸಾ’ ಅಧ್ಯಯನ 2000ದಲ್ಲಿ ಆರಂಭವಾಯಿತು, ಅದರಲ್ಲಿ 6,814 ಜನ: ಬಿಳಿಯರು, ಕರಿಯರು, ಹಿಸ್ಪಾನಿಕರು, ಚೀನೀಯರು. ಹೆಸರಿನಲ್ಲೇ ‘ಬಹುಜನಾಂಗ’ ಎಂದಿದ್ದರೂ ಭಾರತೀಯರು ಅದರಲ್ಲಿಲ್ಲ. ಷಿಕಾಗೋದ ಡೆವೋನ್ ಅವೆನ್ಯೂವಿನಲ್ಲಿ 1974ರಿಂದಲೇ ಪಟೇಲ್ ಬ್ರದರ್ಸ್ ಅಂಗಡಿ ಇದ್ದರೂ, ಆ ಬೀದಿಯಲ್ಲಿ ಬೇಳೆ ಕೊಳ್ಳುವವರ ನಾಳಗಳನ್ನು ಎಣಿಸಬೇಕೆಂದು ಹೊಳೆಯಲು ಇನ್ನೂ ಹತ್ತು ವರ್ಷ ಬೇಕಾಯಿತು.

2010ರಲ್ಲಿ ಅಲ್ಕಾ ಕನಯ ಅವರ ನೇತೃತ್ವದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ಪ್ರದೇಶ ಮತ್ತು ಷಿಕಾಗೋಗಳಲ್ಲಿ ಶುರುವಾದ ಅಧ್ಯಯನಕ್ಕೆ ‘ಮಸಾಲಾ’ ಎಂದು ಹೆಸರು. ಇಂಗ್ಲಿಷಿನ ಉದ್ದನೆಯ ಶೀರ್ಷಿಕೆಯ ಮೊದಲಕ್ಷರಗಳನ್ನು ಹೇಗೋ ಎಳೆದು ತಂದು ಜೋಡಿಸಿದ್ದು. ಮೊದಲ ಸುತ್ತಿನಲ್ಲಿ 906 ಜನ. ದಕ್ಷಿಣ ಏಷ್ಯಾದ ಗಂಡಸರ ನಾಳಗಳಲ್ಲಿ ಕರಿಯ, ಲ್ಯಾಟಿನೋ, ಚೀನೀ ಗಂಡಸರಿಗಿಂತ ಹೆಚ್ಚು ಸುಣ್ಣವಿತ್ತು, ಬಿಳಿಯ ಗಂಡಸರಿಗೆ ಸರಿಸಮ. ಇಲ್ಲೊಂದು ಒಗಟಿದೆ. ಸುಣ್ಣ ಸರಿಸಮವಾದರೆ ಆಘಾತ ಇವರಿಗೆ ಮೊದಲೇ ಯಾಕೆ? ಒಂದು ಸಾಧ್ಯತೆ, ಇವರ ಗಡ್ಡೆಗಳು ಸುಣ್ಣವಾಗುವಷ್ಟು ಹಳತಾಗುವ ಮೊದಲೇ ಬಿರಿಯುತ್ತಿರಬಹುದು. ಸುಣ್ಣ ಕಟ್ಟದ ಮೆತ್ತನೆಯ ಗಡ್ಡೆ ಸ್ಕೋರಿನಲ್ಲಿ ಸೊನ್ನೆಯೆಂದೇ ಬರುತ್ತದೆ. ಅರವತ್ತು ದಾಟಿದವರಿಗೆ ಸೊನ್ನೆ ಬಂದರೆ ಅದು ದೊಡ್ಡ ನೆಮ್ಮದಿ. ಮೂವತ್ತೆಂಟರ, ಸಿಗರೇಟು ಸೇದುವ, ಅಪ್ಪ ಐವತ್ತರೊಳಗೆ ಹೃದಯಾಘಾತದಲ್ಲಿ ತೀರಿಕೊಂಡ ಮನುಷ್ಯನಿಗೆ ಅದೇ ಸೊನ್ನೆ ಅಷ್ಟು ನೆಮ್ಮದಿ ಕೊಡಬಾರದು. ಅಮೆರಿಕದ ಹೃದಯ ಸಂಘಗಳ 2018ರ ಕೊಲೆಸ್ಟರಾಲ್ ಮಾರ್ಗಸೂಚಿಯೂ ಸೊನ್ನೆ ಬಂದವರಿಗೆ ಸ್ಟ್ಯಾಟಿನ್ ಮಾತ್ರೆ ಮುಂದೂಡಬಹುದೆಂದು ಹೇಳಿ, ಧೂಮಪಾನಿಗಳು, ಮಧುಮೇಹಿಗಳು, ಮನೆತನದಲ್ಲಿ ಬೇಗ ಹೃದ್ರೋಗ ಬಂದವರನ್ನು ಆ ಮಾತಿನಿಂದ ಹೊರಗಿಟ್ಟಿತು. ದಕ್ಷಿಣ ಏಷ್ಯಾದ ಮೂಲವನ್ನೇ ಅಪಾಯ ಹೆಚ್ಚಿಸುವ ಅಂಶವೆಂದು ಪಟ್ಟಿಗೆ ಸೇರಿಸಿತು. ಹೆಲ್ತ್ ಪ್ಯಾಕೇಜಿನ ಜಾಹೀರಾತುಗಳಲ್ಲಿ ಇಷ್ಟು ಷರತ್ತು ಬರೆಯಲು ಜಾಗವಿರುವುದಿಲ್ಲ.

*

ಮೆತ್ತನೆಯ ಗಡ್ಡೆಯನ್ನೂ ಕಾಣುವ ಯಂತ್ರ ಬಂದದ್ದು 2004ರ ಸುಮಾರಿಗೆ. ಒಂದೇ ಸುತ್ತಿಗೆ 64 ಸೀಳು ತೆಗೆಯುವ ಸಿಟಿ. ಮರುವರ್ಷ ಎರಡು ಎಕ್ಸ್-ರೇ ಕೊಳವೆಗಳ ಯಂತ್ರ, 2007ರಲ್ಲಿ ಇಡೀ ಹೃದಯವನ್ನು ಒಂದೇ ಸುತ್ತಿನಲ್ಲಿ ಹಿಡಿಯುವ 320 ಸೀಳಿನದು. ಕೈಯ ರಕ್ತನಾಳಕ್ಕೆ ಅಯೋಡಿನ್ ಇರುವ ದ್ರವ ಚುಚ್ಚುತ್ತಾರೆ, ಹೃದಯದ ಬಡಿತ ಅರವತ್ತರ ಆಸುಪಾಸಿಗೆ ಇಳಿಯಲೆಂದು ಮೊದಲೇ ಮಾತ್ರೆ ಕೊಡುತ್ತಾರೆ, ನಾಳ ಹಿಗ್ಗಲೆಂದು ನಾಲಿಗೆಯ ಕೆಳಗೆ ನೈಟ್ರೋಗ್ಲಿಸರಿನ್. ಇಸಿಜಿಯ ತಾಳ ನೋಡಿಕೊಂಡು ಯಂತ್ರ ಎರಡು ಬಡಿತಗಳ ನಡುವಿನ ಬಿಡುವಿನಲ್ಲಿ ಚಿತ್ರ ಹಿಡಿಯುತ್ತದೆ. ಮೊದಮೊದಲು ಕಿರಣದ ಪ್ರಮಾಣ ಹತ್ತು ಹನ್ನೆರಡು ಮಿಲಿಸೀವರ್ಟ್ ದಾಟುತ್ತಿತ್ತು, ಈಗ ಒಳ್ಳೆಯ ಯಂತ್ರ ಮತ್ತು ಎಚ್ಚರದ ತಂತ್ರಜ್ಞರಿದ್ದರೆ ಅದರ ಕಾಲುಭಾಗಕ್ಕೂ ಇಳಿಸಬಹುದು.

ಇದರಿಂದ ಜೀವ ಉಳಿಯುತ್ತದೆಯೇ ಎಂಬ ಪ್ರಶ್ನೆಗೆ ಒಳ್ಳೆಯ ಉತ್ತರ ಬಂದದ್ದು ಸ್ಕಾಟ್ಲೆಂಡಿನಿಂದ. ಎದೆನೋವೆಂದು ಬಂದ 4,146 ಜನರಲ್ಲಿ ಅರ್ಧ ಜನಕ್ಕೆ ಎಂದಿನ ಚಿಕಿತ್ಸೆ, ಇನ್ನರ್ಧಕ್ಕೆ ಅದರ ಜೊತೆ ಸಿಟಿ ಆಂಜಿಯೋಗ್ರಾಂ. ಐದು ವರ್ಷದಲ್ಲಿ ಹೃದ್ರೋಗದ ಸಾವು ಅಥವಾ ಹೃದಯಾಘಾತ ಸಿಟಿಯವರಲ್ಲಿ ಶೇ. 2.3, ಉಳಿದವರಲ್ಲಿ ಶೇ. 3.9. ಗಮನಿಸಬೇಕಾದ್ದು ಇದರ ಕಾರಣ. ಸ್ಟೆಂಟುಗಳ ಸಂಖ್ಯೆ ಐದು ವರ್ಷದ ಕೊನೆಗೆ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ ಇತ್ತು. ಸಿಟಿಯವರಲ್ಲಿ ಹೆಚ್ಚಾಗಿದ್ದದ್ದು ಸ್ಟ್ಯಾಟಿನ್, ಆಸ್ಪಿರಿನ್‌ನಂಥ ಅಗ್ಗದ ಮಾತ್ರೆಗಳ ಬಳಕೆ. ತನ್ನ ನಾಳದ ಗೋಡೆಯ ಚಿತ್ರವನ್ನು ಕಣ್ಣಾರೆ ನೋಡಿದವನು ಮಾತ್ರೆ ನುಂಗುತ್ತಾನೆ, ವೈದ್ಯರೂ ಧೈರ್ಯವಾಗಿ ಬರೆಯುತ್ತಾರೆ. ಇದೇ ಹೊತ್ತಿನ ಅಮೆರಿಕದ ಪ್ರಾಮಿಸ್ ಅಧ್ಯಯನದಲ್ಲಿ, ಹತ್ತು ಸಾವಿರ ಜನರಲ್ಲಿ, ಅಂಥ ವ್ಯತ್ಯಾಸ ಕಾಣಲಿಲ್ಲ ಎಂಬುದನ್ನೂ ಹೇಳಬೇಕು. ಅಲ್ಲಿ ನೋಡಿದ್ದು ಸುಮಾರು ಎರಡೇ ವರ್ಷ.

ಸೂರತ್ತಿನಲ್ಲಿ ಈ ಕಥೆಗೆ ಇನ್ನೊಂದು ಮಗ್ಗುಲಿದೆ. ಒರಟು ವಜ್ರ ಬಂದಾಗ ಅಲ್ಲಿ ಯಾರೂ ನೇರವಾಗಿ ಕತ್ತರಿಸುವುದಿಲ್ಲ. ಕಲ್ಲನ್ನು ಯಂತ್ರದಲ್ಲಿಟ್ಟು ಒಳಗಿನ ಬಿರುಕು, ಕಲೆಗಳ ನಕ್ಷೆ ಮಾಡಿಕೊಂಡು, ಎಲ್ಲಿ ಸೀಳಿದರೆ ನಷ್ಟ ಕಡಿಮೆ ಎಂದು ಗುರುತು ಹಾಕಿ, ಆಮೇಲೆ ಲೇಸರ್. ಆ ಲೇಸರ್ ಯಂತ್ರಗಳನ್ನು ತಯಾರಿಸುತ್ತಿದ್ದ ಸಹಜಾನಂದ ಸಮೂಹ ಅದೇ ಕೈಚಳಕವನ್ನು ಇನ್ನೊಂದು ಕೆಲಸಕ್ಕೆ ತಿರುಗಿಸಿತು. ಕೂದಲೆಳೆಯಂಥ ಲೋಹದ ಜಾಲರಿಯನ್ನು ಕತ್ತರಿಸುವುದು, ಅಂದರೆ ಸ್ಟೆಂಟ್. ಧೀರಜ್‌ಲಾಲ್ ಕೊಟಡಿಯಾ ಸ್ಥಾಪಿಸಿದ ಸಹಜಾನಂದ ಮೆಡಿಕಲ್ ಟೆಕ್ನಾಲಜೀಸ್‌ನ ಸ್ಟೆಂಟನ್ನು ಯೂರೋಪಿನಲ್ಲಿ 1,435 ರೋಗಿಗಳ ಮೇಲೆ ಅಮೆರಿಕದ ಹೆಸರಾಂತ ಸ್ಟೆಂಟಿನ ಎದುರು ಪರೀಕ್ಷಿಸಿದಾಗ ಅದು ಕಡಿಮೆಯೇನಲ್ಲವೆಂದು 2019ರ ಲ್ಯಾನ್ಸೆಟ್‌ನಲ್ಲಿ ಬಂತು. ವಾಪಿಯಲ್ಲಿ ಮೆರಿಲ್ ಇದೆ, ಸೂರತ್ತಿನಲ್ಲೇ ಕಾನ್ಸೆಪ್ಟ್ ಮೆಡಿಕಲ್ ಇದೆ. ದಕ್ಷಿಣ ಗುಜರಾತಿನ ಈ ಪಟ್ಟಿಯಿಂದ ದೇಶದ ಎಷ್ಟೋ ಎದೆಗಳಿಗೆ ಜಾಲರಿ ಹೋಗುತ್ತದೆ.

ಸ್ಟೆಂಟು ಹೃದಯಾಘಾತದ ಹೊತ್ತಿನಲ್ಲಿ ಜೀವ ಉಳಿಸುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆಘಾತವಿಲ್ಲದೆ, ನಡೆದರೆ ಎದೆ ಹಿಡಿಯುವ ಸ್ಥಿರ ರೋಗಿಗಳ ವಿಷಯ ಬೇರೆ. 2020ರಲ್ಲಿ ಪ್ರಕಟವಾದ, ಭಾರತದ ಕೇಂದ್ರಗಳೂ ಸೇರಿದ್ದ ಇಸ್ಕೀಮಿಯಾ ಅಧ್ಯಯನದ 5,179 ಜನರಲ್ಲಿ ಸ್ಟೆಂಟ್ ಅಥವಾ ಬೈಪಾಸ್ ಮಾಡಿಸಿಕೊಂಡವರಿಗೂ, ಮೊದಲು ಔಷಧಿಯಲ್ಲೇ ಇದ್ದವರಿಗೂ ಸಾವಿನ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ನೋವು ಕಡಿಮೆಯಾಗುವುದರಲ್ಲಿ ಕಂಡಿತು. 2017ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರ ಔಷಧ ಲೇಪಿತ ಸ್ಟೆಂಟಿಗೆ 29,600 ರೂಪಾಯಿ, ಬರಿ ಲೋಹದ್ದಕ್ಕೆ 7,260 ರೂಪಾಯಿ ಎಂದು ಮಿತಿ ಹಾಕಿತು. ಅದಕ್ಕೆ ಮೊದಲು ರೋಗಿಯ ಬಿಲ್ಲಿನಲ್ಲಿ ಲೇಪಿತ ಸ್ಟೆಂಟಿಗೆ ಲಕ್ಷ ದಾಟುವುದು ಸಾಮಾನ್ಯವಾಗಿತ್ತು.

ಬೆಲೆ ಇಳಿದರೂ ಆಸೆ ಇಳಿಯಲಿಲ್ಲ. 2024ರ ನವೆಂಬರಿನಲ್ಲಿ ಅಹಮದಾಬಾದಿನ ಒಂದು ಖಾಸಗಿ ಆಸ್ಪತ್ರೆ ಮೆಹಸಾಣಾ ಜಿಲ್ಲೆಯ ಕಡಿ ತಾಲೂಕಿನ ಬೋರಿಸಣಾ ಹಳ್ಳಿಯಲ್ಲಿ ಉಚಿತ ತಪಾಸಣೆ ಶಿಬಿರ ನಡೆಸಿತು. ಅಲ್ಲಿಂದ 19 ಜನರನ್ನು ನಗರಕ್ಕೆ ಕರೆತಂದು ಆಂಜಿಯೋಗ್ರಫಿ ಮಾಡಿದರು, 7 ಜನಕ್ಕೆ ಸ್ಟೆಂಟ್ ಹಾಕಿದರು, ಇಬ್ಬರು ತೀರಿಕೊಂಡರು. ಖರ್ಚು ಆಯುಷ್ಮಾನ್ ಯೋಜನೆಯ ಲೆಕ್ಕಕ್ಕೆ. ಅಗತ್ಯವಿಲ್ಲದೆ ಮಾಡಿದರೆಂಬ ಆರೋಪದ ಮೇಲೆ ಪೊಲೀಸ್ ಮೊಕದ್ದಮೆಗಳಾದವು, ಆಸ್ಪತ್ರೆಯನ್ನು ಯೋಜನೆಯಿಂದ ಹೊರಹಾಕಲಾಯಿತು. ಇನ್ನು ಮುಂದೆ ಆಂಜಿಯೋಗ್ರಫಿಯ ದೃಶ್ಯಮುದ್ರಿಕೆಯನ್ನೂ ಸಲ್ಲಿಸಬೇಕೆಂದು ರಾಜ್ಯ ಸರಕಾರ ನಿಯಮ ತಂದಿತು. ನೋಡುವುದು ಮತ್ತು ಹಾಕುವುದು ಒಂದೇ ಮೇಜಿನ ಮೇಲೆ, ಒಬ್ಬರದೇ ಕೈಯಲ್ಲಿ ಇದ್ದರೆ ಏನಾಗಬಹುದೆಂಬುದಕ್ಕೆ ಇದಕ್ಕಿಂತ ಕಟುವಾದ ಉದಾಹರಣೆ ಬೇಕಿಲ್ಲ. ಹೊರಗಿನಿಂದ ನೋಡುವ ಸಿಟಿಯ ಪರವಾಗಿ ವೈದ್ಯಕೀಯ ವಾದಗಳು ಹಲವು. ನೋಡುವವರು ಬೇರೆ, ಹಾಕುವವರು ಬೇರೆ ಆಗುತ್ತಾರೆ ಎಂಬ ವಾದವನ್ನು ಮಾತ್ರ ಯಾರೂ ಅಷ್ಟಾಗಿ ಎತ್ತುವುದಿಲ್ಲ.

ಹಾಗೆಂದು ಸಿಟಿ ಎಲ್ಲವನ್ನೂ ಕಾಣುತ್ತದೆಂದಲ್ಲ. 2023ರ ನವರಾತ್ರಿಯಲ್ಲಿ ಗುಜರಾತಿನ ಗರ್ಬಾ ಮೈದಾನಗಳಲ್ಲಿ ಕುಣಿಯುತ್ತಲೇ ಕುಸಿದವರ ಸುದ್ದಿ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಆ ಡಿಸೆಂಬರಿನಲ್ಲಿ ರಾಜ್ಯದ ಶಿಕ್ಷಣ ಸಚಿವ ಕುಬೇರ್ ಡಿಂಡೋರ್, ಆರು ತಿಂಗಳಲ್ಲಿ 1,052 ಜನ ಹೃದಯಾಘಾತದಿಂದ ಸತ್ತಿದ್ದಾರೆ, ಅವರಲ್ಲಿ ಸುಮಾರು ಶೇ. 80 ಮಂದಿ 11ರಿಂದ 25 ವಯಸ್ಸಿನವರು ಎಂದರು. ಸುಮಾರು ಎರಡು ಲಕ್ಷ ಶಿಕ್ಷಕರಿಗೆ ಎದೆಯೊತ್ತುವ ತರಬೇತಿ ಘೋಷಿಸಲಾಯಿತು. ಆ ಶೇಕಡಾವಾರನ್ನು ಎಚ್ಚರದಿಂದ ಓದಬೇಕು. ಇಲ್ಲಿ ಪತ್ರಿಕೆಗಳ ಭಾಷೆಯದೂ ತಪ್ಪಿದೆ. ‘ಹೃದಯಾಘಾತ’ ಎಂದರೆ ಪರಿಧಮನಿ ಮುಚ್ಚಿ ಸ್ನಾಯು ಸಾಯುವುದು, ‘ಹೃದಯ ಸ್ತಂಭನ’ ಎಂದರೆ ಯಾವುದೇ ಕಾರಣಕ್ಕೆ ಬಡಿತ ನಿಲ್ಲುವುದು. ಹದಿನೈದರ ಹುಡುಗ ಮೈದಾನದಲ್ಲಿ ಬಿದ್ದರೆ ಕಾರಣ ಹುಟ್ಟಿನಿಂದ ದಪ್ಪವಾದ ಹೃದಯದ ಸ್ನಾಯು, ಹೃದಯದ ವಿದ್ಯುತ್ತಿನ ದೋಷ, ವೈರಸ್ಸಿನ ಉರಿಯೂತ ಇಂಥವೇ ಇರುವ ಸಾಧ್ಯತೆ ಹೆಚ್ಚು. ಅವನ ಕ್ಯಾಲ್ಸಿಯಂ ಸ್ಕೋರು ಸೊನ್ನೆಯೇ ಇರುತ್ತದೆ.

ಕರ್ನಾಟಕದ ಓದುಗರಿಗೆ ಈ ಭಯದ ಪರಿಚಯವಿದೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ತೀರಿಕೊಂಡ ಮೇಲೆ ಜಯದೇವದ ಮುಂದೆ ಸಾಲು ಬೆಳೆಯಿತು. 2025ರ ಬೇಸಿಗೆಯ ಕೊನೆಗೆ ಹಾಸನ ಜಿಲ್ಲೆಯಲ್ಲಿ ಒಂದರ ಹಿಂದೊಂದು ಸಾವುಗಳು ಸುದ್ದಿಯಾದಾಗ ಮೈಸೂರಿನ ಜಯದೇವದಲ್ಲಿ ಬೆಳಗಿನ ಜಾವಕ್ಕೇ ಜನ ಬಂದು ನಿಂತರು. ಜಯದೇವದ ನಿರ್ದೇಶಕ ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ಪರಿಶೀಲಿಸಿ, ಅಸಹಜ ಏರಿಕೆ ಕಂಡಿಲ್ಲವೆಂದಿತು. ಲಸಿಕೆಯ ಮೇಲಿನ ಗುಮಾನಿಗೆ ಐಸಿಎಂಆರ್ 2023ರಲ್ಲೇ ಉತ್ತರ ಕೊಟ್ಟಿತ್ತು. 18ರಿಂದ 45 ವಯಸ್ಸಿನವರ 729 ಹಠಾತ್ ಸಾವುಗಳನ್ನು 2,916 ಬದುಕಿರುವವರ ಜೊತೆ ಹೋಲಿಸಿದಾಗ ಲಸಿಕೆ ಅಪಾಯ ಹೆಚ್ಚಿಸಿರಲಿಲ್ಲ. ಹೆಚ್ಚಿಸಿದ್ದು ಹಿಂದೆ ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದು, ಮನೆತನದಲ್ಲಿ ಹಠಾತ್ ಸಾವು, ಸಾವಿಗೆ ಮುಂಚಿನ ಎರಡು ದಿನದಲ್ಲಿ ವಿಪರೀತ ಕುಡಿತ ಅಥವಾ ವಿಪರೀತ ದೈಹಿಕ ಶ್ರಮ. ಸಾಲಿನಲ್ಲಿ ನಿಂತವರಲ್ಲಿ ಎಲ್ಲರಿಗೂ ಸಿಟಿ ಬೇಕಿರಲಿಲ್ಲ. ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್ ನೋಡಿ, ಅಪ್ಪ ಅಮ್ಮನ ಕಥೆ ಕೇಳಿದ ಮೇಲೂ ಮಾತ್ರೆ ಶುರು ಮಾಡಬೇಕೋ ಬೇಡವೋ ಎಂದು ವೈದ್ಯರು ತಕ್ಕಡಿ ಹಿಡಿದು ನಿಂತಾಗ ಮಾತ್ರ ಸುಣ್ಣದ ಲೆಕ್ಕ ಕೆಲಸಕ್ಕೆ ಬರುತ್ತದೆ. ಒಮ್ಮೆ ಮಾಡಿಸಿದರೆ ಸಾಕು, ವರ್ಷ ವರ್ಷ ಮಾಡಿಸಬೇಕಿಲ್ಲ. ಸ್ಟ್ಯಾಟಿನ್ ತೆಗೆದುಕೊಂಡವರ ಗಡ್ಡೆ ಗಟ್ಟಿಯಾಗಿ ಸುಣ್ಣ ಇನ್ನಷ್ಟು ಕಟ್ಟಬಹುದು. ಅಪಾಯ ಇಳಿದಿರುತ್ತದೆ, ಸ್ಕೋರು ಏರಿರುತ್ತದೆ. ಪರೀಕ್ಷೆಯ ಅಂಕಪಟ್ಟಿಯಂತೆ ಇದನ್ನು ಓದಿದವರಿಗೆ ನಿದ್ದೆ ಹೋಗುತ್ತದೆ.

ತಮ್ಮ ಸುಣ್ಣದ ಚಿತ್ರ ತೆಗೆಸಿಕೊಂಡಿದ್ದರೂ ಅದು ಗೊತ್ತಿಲ್ಲದವರೂ ಬಹಳ. 2021ರ ಏಪ್ರಿಲ್, ಮೇ ತಿಂಗಳಲ್ಲಿ ಅಹಮದಾಬಾದ್, ವಡೋದರ, ಸೂರತ್ತುಗಳಲ್ಲೂ ಬೆಂಗಳೂರು, ಹುಬ್ಬಳ್ಳಿಗಳಲ್ಲೂ ಸ್ಕ್ಯಾನ್ ಕೇಂದ್ರಗಳ ಮುಂದೆ ಜನ ನಿಂತದ್ದು ಶ್ವಾಸಕೋಶದ ಸಿಟಿಗಾಗಿ. ‘ಸ್ಕೋರ್ ಎಷ್ಟು?’ ಎಂದರೆ ಆಗ 25ಕ್ಕೆ ಎಷ್ಟು ಎಂದರ್ಥ. ಶ್ವಾಸಕೋಶವನ್ನು ನೋಡುವಾಗ ನಡುವಿನ ಹೃದಯವೂ ಚಿತ್ರಕ್ಕೆ ಬಂದೇ ಬರುತ್ತದೆ, ನಾಳದ ಸುಣ್ಣವೂ. ಯಾವುದೇ ಕಾರಣಕ್ಕೆ ಎದೆಯ ಸಿಟಿ ಮಾಡಿದರೂ ಕಂಡ ಸುಣ್ಣವನ್ನು ವರದಿಯಲ್ಲಿ ಬರೆಯಬೇಕೆಂದು ಅಮೆರಿಕದ ಹೃದಯ ಸಿಟಿ ಸಂಘ 2016ರಲ್ಲೇ ಹೇಳಿತ್ತು. ಆ ತಿಂಗಳುಗಳ ನೂಕುನುಗ್ಗಲಿನಲ್ಲಿ ಅದಕ್ಕೆ ಬಿಡುವು ಯಾರಿಗಿತ್ತು? ಕಪ್ಪು ಫಿಲ್ಮುಗಳು ಇನ್ನೂ ಮನೆಮನೆಯ ಬೀರುವಿನಲ್ಲಿವೆ. ಅವನ್ನು ಕಿಟಕಿಯ ಬೆಳಕಿಗೆ ಹಿಡಿದರೆ ಪ್ರಯೋಜನವಿಲ್ಲ, ಶ್ವಾಸಕೋಶಕ್ಕೆ ಹೊಂದಿಸಿ ಮುದ್ರಿಸಿದ ಫಿಲ್ಮಿನಲ್ಲಿ ಹೃದಯ ಬರಿಯ ಬಿಳಿ ಮುದ್ದೆ. ಸುಣ್ಣ ಬೇರೆಯಾಗಿ ಕಾಣುವುದು ಜೊತೆಗೆ ಕೊಟ್ಟಿದ್ದ ಸಿಡಿಯಲ್ಲಿ, ಬೆಳಕಿನ ಹೊಂದಾಣಿಕೆ ಬದಲಿಸಿದಾಗ. ಸಿಡಿ ಓದುವ ಕಂಪ್ಯೂಟರ್ ಈಗ ರೇಡಿಯಾಲಜಿಸ್ಟರ ಕೋಣೆಯಲ್ಲಿ ಸಿಕ್ಕರೆ ಸಿಕ್ಕೀತು.